ನಾಲಿಗೆಯನ್ನು ಯಾರೂ ಕೇಳಲಿಲ್ಲ

ಬಳ್ಳಾರಿ ಸೀಮೆಯ ಬಾಯಿಗೆ ವೈನ್ ಒಗ್ಗುವುದಿಲ್ಲ ಎಂಬ ಮಾತನ್ನು ಕುಡಿಯುವವರೂ ಹೇಳುತ್ತಾರೆ, ಕುಡಿಯದವರೂ ಹೇಳುತ್ತಾರೆ. ಮಿಕ್ಕ ಯಾವ ವಿಷಯದಲ್ಲೂ ಹೊಂದಿಕೊಳ್ಳದ ಈ ಎರಡು ಪಂಗಡಗಳು ಇದೊಂದರಲ್ಲಿ ಒಂದಾಗುವುದೇ ಅನುಮಾನಕ್ಕೆ ಎಡೆಮಾಡುತ್ತದೆ. ಕುಡಿಯುವವರ ಪ್ರಕಾರ ವೈನ್ ಎಂದರೆ ಹುಳಿ ಷರಬತ್ತು, ಬೆಂಗಳೂರಿನವರ ಶೋಕಿ. ಕುಡಿಯದವರ ಪ್ರಕಾರ ಅದೂ ಹೆಂಡವೇ, ಇಂಗ್ಲಿಷ್ ಕಲಿತ ಹೆಂಡ. ಅಂಗಡಿಗಳೂ ಈ ತೀರ್ಪಿಗೆ ಸಹಿ ಹಾಕಿವೆ. ದೇವರ ಹೆಸರಿನ ಮುಂದೆ ‘ವೈನ್ಸ್’ ಎಂದು ಬೋರ್ಡು ಬರೆಸಿಕೊಂಡ ಅಂಗಡಿಯಲ್ಲಿ ಕೈಗೆಟಕುವ ಜಾಗವೆಲ್ಲ ವಿಸ್ಕಿ, ರಮ್ಮು, ಬ್ರಾಂದಿಗೆ ಮೀಸಲು. ಕೌಂಟರಿನ ಮೇಲೆ ಟೆಟ್ರಾ ಪ್ಯಾಕುಗಳ ರಾಶಿ. ವೈನ್ ಇದ್ದರೆ ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ, ಟ್ಯೂಬ್‌ಲೈಟಿನ ಪಕ್ಕ, ಶಿಕ್ಷೆಗೆ ನಿಲ್ಲಿಸಿದ ಹುಡುಗನ ಹಾಗೆ ನೆಟ್ಟಗೆ ನಿಂತು ಧೂಳು ಹಿಡಿಯುತ್ತಿರುತ್ತದೆ. ಬಿರಡೆ ಒಣಗದಂತೆ ಮಲಗಿಸಿ, ಹನ್ನೆರಡು ಹದಿನಾಲ್ಕು ಡಿಗ್ರಿ ತಂಪಿನಲ್ಲಿ ಇಡಬೇಕಾದ ಬಾಟಲಿಯದು. 40 ಡಿಗ್ರಿ ದಾಟುವ ಎರಡು ಬೇಸಿಗೆಗಳನ್ನು ಅದು ಹಾಗೆ ನಿಂತೇ ಕಳೆದರೆ, ಒಳಗೆ ಉಳಿಯುವುದು ಬಣ್ಣ ಮತ್ತು ಹುಳಿ, ಎರಡೇ. ಅದನ್ನು ಒಂದು ಗುಟುಕು ಕುಡಿದು ‘ಇಷ್ಟೇನಾ’ ಎಂದು ಮುಖ ಸಿಂಡರಿಸಿದವರನ್ನು ನಾನು ದೂರುವುದಿಲ್ಲ. ಆದರೆ ಆ ತೀರ್ಪು ನಾಲಿಗೆ ಕೊಟ್ಟದ್ದಲ್ಲ ಎಂಬುದು ನನ್ನ ವಾದ. ವೈನ್ ವಿಚಾರದಲ್ಲಿ ತಲೆ ಮಾತಾಡಿದೆ, ಜೇಬು ಮಾತಾಡಿದೆ, ನೆರೆಮನೆಯವರು ಮಾತಾಡಿದ್ದಾರೆ. ನಾಲಿಗೆಯನ್ನು ಮಾತ್ರ ಯಾರೂ ಕೇಳಿಲ್ಲ.

ನಮ್ಮ ನಾಲಿಗೆಗೆ ಅಷ್ಟು ಸೂಕ್ಷ್ಮವೆಲ್ಲಿದೆ ಎನ್ನುವವರು ಸಿರುಗುಪ್ಪದ ಅಕ್ಕಿ ಗಿರಣಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ತುಂಗಭದ್ರೆಯ ನೀರು ಕುಡಿದು ಬೆಳೆದ ಸೋನಾ ಮಸೂರಿಯ ಚೀಲದಿಂದ ಒಂದು ಹಿಡಿ ಅಕ್ಕಿ ಹೊರಗೆ ಬರುತ್ತದೆ. ಕೊಳ್ಳುವವನು ಅದನ್ನು ಅಂಗೈ ಮೇಲೆ ಹರಡುತ್ತಾನೆ, ಬೆಳಕಿಗೆ ಹಿಡಿಯುತ್ತಾನೆ, ನುಚ್ಚೆಷ್ಟಿದೆ ಎಂದು ಬೆರಳಿನಿಂದ ಸರಿಸಿ ನೋಡುತ್ತಾನೆ, ಮೂಸುತ್ತಾನೆ, ಕೊನೆಗೆ ನಾಲ್ಕು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಡಿಯುತ್ತಾನೆ. ಕಟ್ಟೆಂದು ಮುರಿದರೆ ಒಣಗಿದೆ, ಮೆತ್ತಗೆ ನುಗ್ಗಾದರೆ ಇನ್ನೂ ಹಸಿ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ಹಳೆ ಅಕ್ಕಿ ಉದುರುದುರಾಗಿ ಒದಗುತ್ತದೆ. ಆದ್ದರಿಂದ ವರ್ಷ ಕಳೆದದ್ದಕ್ಕೆ ಹೆಚ್ಚು ಬೆಲೆ. ನೋಡಿ, ಮೂಸಿ, ಬಾಯಿಗಿಟ್ಟು, ವಯಸ್ಸು ಹೇಳಿ, ಆ ವಯಸ್ಸಿಗೆ ದರ ಕಟ್ಟುವ ಈ ಕೆಲಸವನ್ನೇ ಫ್ರಾನ್ಸಿನ ಬೋರ್ಡೋದಲ್ಲಿ ಕೋಟು ಹಾಕಿಕೊಂಡು ಮಾಡುತ್ತಾರೆ, ಸಿರುಗುಪ್ಪದಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮಾಡುತ್ತಾರೆ. ಕುರುಗೋಡು ಕಡೆಯ ರೈತನಿಗೆ ಬ್ಯಾಡಗಿ ತಳಿಯ ಮೆಣಸಿನಕಾಯಿ ಬಣ್ಣಕ್ಕೆ, ಗುಂಟೂರಿನದು ಖಾರಕ್ಕೆ ಎಂದು ಯಾರೂ ಪಾಠ ಹೇಳಬೇಕಾಗಿಲ್ಲ. ಘಾಟಿನಿಂದಲೇ ಅವನು ಎರಡನ್ನೂ ಬೇರೆ ಮಾಡಬಲ್ಲ. ಬಳ್ಳಾರಿ ಪೇಟೆಯ ಅಂಜೂರವನ್ನು ಹಿಸುಕಿ ನೋಡುವ ಗೃಹಿಣಿಯ ಬೆರಳಿಗೆ ಹಣ್ಣಿನ ಹದ ಗಂಟೆಗಳ ಲೆಕ್ಕದಲ್ಲಿ ಗೊತ್ತು. ಇಂಥ ಊರಿನವರಿಗೆ ದ್ರಾಕ್ಷಿಯ ರಸ ಹುಳಿತು ಹದವಾದದ್ದರ ರುಚಿ ತಿಳಿಯದು ಎಂದರೆ ನಂಬುವುದು ಕಷ್ಟ.

ಹಾಗಾದರೆ ತಡೆದದ್ದು ಯಾವುದು? ಮೊದಲನೆಯದು ಲೆಕ್ಕ. ನಮ್ಮಲ್ಲಿ ಕುಡಿತವೆಂಬುದು ರುಚಿಯ ವ್ಯವಹಾರವಲ್ಲ, ಸಾಗಣೆಯ ವ್ಯವಹಾರ. ಇಲ್ಲಿಂದ ಅಲ್ಲಿಗೆ ಬೇಗ, ಕಡಿಮೆ ದುಡ್ಡಿಗೆ ತಲುಪಿಸುವ ಗಾಡಿ ಬೇಕು. ವೈನಿನಲ್ಲಿ ನೂರಕ್ಕೆ 13ರಷ್ಟು ಆಲ್ಕೋಹಾಲ್, ನಮ್ಮ ವಿಸ್ಕಿಯಲ್ಲಿ 42.8ರಷ್ಟು. 180 ಎಂ.ಎಲ್.ನ ಒಂದು ಕ್ವಾರ್ಟರಿನಲ್ಲಿ 77 ಎಂ.ಎಲ್. ಆಲ್ಕೋಹಾಲ್ ಇದ್ದರೆ, 750 ಎಂ.ಎಲ್.ನ ಇಡೀ ವೈನ್ ಬಾಟಲಿಯಲ್ಲಿ ಇರುವುದು 97 ಎಂ.ಎಲ್.ನ ಸುಮಾರು. ಬೆರಳೆಣಿಕೆಯಲ್ಲಿ ಇಷ್ಟು ಲೆಕ್ಕ ಹಾಕಬಲ್ಲವನು ವೈನ್ ಕೊಳ್ಳುವುದಿಲ್ಲ, ‘ಅಣ್ಣಾ, ಏರೋದೇ ಇಲ್ಲ ಇದು’ ಎಂದು ಹಿಂದಿರುಗಿಸುತ್ತಾನೆ. ಅವನ ಗಣಿತ ಸರಿಯಾಗಿಯೇ ಇದೆ. ಆದರೆ ಆ ಗಣಿತದಲ್ಲಿ ನಾಲಿಗೆಗೆ ಒಂದು ಅಂಕಿಯೂ ಇಲ್ಲ ಎಂಬುದನ್ನು ಗಮನಿಸಿ. ನೈಂಟಿಯನ್ನು ಕಣ್ಣು ಮುಚ್ಚಿ ಗಂಟಲಿಗೆ ಸುರಿದು, ಹಿಂದೆಯೇ ಉಪ್ಪಿನಕಾಯಿ ನೆಕ್ಕುವುದು ರುಚಿಗಾಗಿ ಅಲ್ಲ, ರುಚಿಯನ್ನು ಓಡಿಸುವುದಕ್ಕಾಗಿ. 2007ನೇ ಇಸವಿ ಇದಕ್ಕೆ ಒಳ್ಳೆಯ ಪುರಾವೆ ಒದಗಿಸಿತು. ಆ ವರ್ಷದ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದೇ ವರ್ಷ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತು. ಒಂದು ಬಾಗಿಲು ಮುಚ್ಚಿ ಇನ್ನೊಂದನ್ನು ತೆರೆದರೂ ಸಾರಾಯಿ ಬಿಟ್ಟ ಕೂಲಿಕಾರ ದ್ರಾಕ್ಷಿಯ ಬಾಗಿಲ ಕಡೆ ತಿರುಗಿಯೂ ನೋಡದೆ ನೇರವಾಗಿ ಅಗ್ಗದ ವಿಸ್ಕಿಯ ಕಡೆ ನಡೆದ.

ಎರಡನೆಯದು ನಾಚಿಕೆ. 1937ರಲ್ಲಿ ರಾಜಾಜಿ ಸೇಲಂ ಜಿಲ್ಲೆಯಲ್ಲಿ ಶುರುಮಾಡಿದ ಪಾನನಿಷೇಧ 1948ರ ಗಾಂಧಿ ಜಯಂತಿಯ ಹೊತ್ತಿಗೆ ಇಡೀ ಮದ್ರಾಸ್ ಪ್ರಾಂತ್ಯಕ್ಕೆ ಹಬ್ಬಿತು. ಬಳ್ಳಾರಿ ಆಗ ಆ ಪ್ರಾಂತ್ಯದ ಜಿಲ್ಲೆ. 1953ರ ಅಕ್ಟೋಬರ್ 1ರಂದು ಜಿಲ್ಲೆಯ ಬಹುಭಾಗ ಮೈಸೂರಿಗೆ ಸೇರಿತು. ರಾಜ್ಯ ಬದಲಾಯಿತು, ಕಾನೂನೂ ಕಾಲಕ್ರಮದಲ್ಲಿ ಸಡಿಲವಾಯಿತು, ಬಚ್ಚಿಟ್ಟುಕೊಂಡು ಕುಡಿಯುವ ಪದ್ಧತಿ ಮಾತ್ರ ಗಟ್ಟಿಯಾಗಿ ಉಳಿಯಿತು. ಇವತ್ತಿಗೂ ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ, ಪೇಪರನ್ನು ಕರಿ ಕವರಿನಲ್ಲಿ ಹಾಕಿ, ಕವರನ್ನು ಅಂಗಿಯೊಳಗೆ ತೂರಿಸಿಕೊಳ್ಳುತ್ತಾರೆ. ಬಾರಿನೊಳಗೆ ಹಗಲಲ್ಲೂ ರಾತ್ರಿಯ ಬೆಳಕು. ಗ್ಲಾಸಿನ ಬಣ್ಣ ಕಾಣಿಸದ ಕತ್ತಲಲ್ಲಿ, ಯಾರಾದರೂ ಪರಿಚಯದವರು ಬಂದಾರೆಂದು ಬಾಗಿಲು ನೋಡುತ್ತಾ ಕುಡಿಯುವವನಿಗೆ ರುಚಿ ಹೇಗೆ ತಿಳಿಯಬೇಕು? ಈ ನಾಚಿಕೆಗೆ ತರ್ಕವಿಲ್ಲ ಎಂಬುದಕ್ಕೆ ಸಾಕ್ಷಿ ನಮ್ಮ ಮನೆಗಳ ಗೂಡಿನಲ್ಲೇ ಇದೆ. ದ್ರಾಕ್ಷಿಯ ಕಷಾಯಕ್ಕೆ ಬೆಲ್ಲ, ಧಾತಕಿ ಹೂ ಸೇರಿಸಿ ಹುದುಗಲು ಬಿಟ್ಟರೆ ಆಗುವುದು ದ್ರಾಕ್ಷಾರಿಷ್ಟ. ಹುದುಗಿದಾಗ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇದರಲ್ಲಿದೆ ಎಂದು ಲೇಬಲ್ಲೇ ಹೇಳುತ್ತದೆ. ಊಟವಾದ ಮೇಲೆ ಸಮನಾಗಿ ನೀರು ಬೆರೆಸಿ, ಮುಚ್ಚಳದಲ್ಲಿ ಅಳೆದು, ಅಜ್ಜಿಯಂದಿರು ಅದನ್ನು ಕಣ್ಣು ಮಿಟುಕಿಸದೆ ತೆಗೆದುಕೊಳ್ಳುತ್ತಾರೆ, ಮೊಮ್ಮಕ್ಕಳ ಎದುರಿಗೇ. ಔಷಧಿ ಅಂಗಡಿಯಿಂದ ಬಂದರೆ ಅರಿಷ್ಟ, ಪಕ್ಕದ ಅಂಗಡಿಯಿಂದ ಬಂದರೆ ಅನಿಷ್ಟ.

ಇಲ್ಲಿ ಸಂಸ್ಕೃತಿಯ ಕಾವಲುಗಾರರು ಎದ್ದು ನಿಂತು, ‘ಇದು ನಮ್ಮದಲ್ಲ, ಪರಂಗಿಯವರದು’ ಎನ್ನುತ್ತಾರೆ. ಅವರಿಗೆ ಕುರುಗೋಡಿನಿಂದಲೇ ಉತ್ತರ ಹೇಳಬಹುದು. ಅಲ್ಲಿ ಆಳಿದ ಸಿಂದರು ಕಲ್ಯಾಣದ ಚಾಲುಕ್ಯರ ಸಾಮಂತರು. ಆ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮದಿರಾಪಾನ ರಾಜನ ಕ್ರೀಡೆಗಳ ಸಾಲಿನಲ್ಲೇ ಬರುತ್ತದೆ. 1520ರ ಆಸುಪಾಸಿನಲ್ಲಿ ವಿಜಯನಗರ ಕಂಡ ಪೋರ್ಚುಗೀಸ ಡೊಮಿಂಗೊ ಪಾಯಸ್ ಅಲ್ಲಿನ ದ್ರಾಕ್ಷಿಯನ್ನು ನೋಡಿದ್ದಷ್ಟೇ ಅಲ್ಲ, ಗೊಂಚಲಿನ ದರವನ್ನೂ ಬರೆದಿಟ್ಟಿದ್ದಾನೆ. ಇನ್ನು ಶರಣರ ಸಾಲಿನಲ್ಲಿ ಹೆಂಡದ ಮಾರಯ್ಯನೆಂಬ ವಚನಕಾರನೇ ಇದ್ದಾನೆ. ಕಾಯಕ ಹೆಂಡ ಮಾರುವುದು, ಬರೆದದ್ದು ವಚನ. ಕನ್ನಡದಲ್ಲಿ ಕುಡುಕನ ಬಾಯಿಂದ ಅತ್ಯಂತ ಸೊಗಸಾದ ಪದ ಹಾಡಿಸಿದ ರಾಜರತ್ನಂ ತಾವು ಕುಡಿಯದವರು ಎಂಬುದನ್ನೂ ಇಲ್ಲಿ ನೆನೆಯಬಹುದು. ಹಿಂದೆ ಇತ್ತು ಎಂದ ಮಾತ್ರಕ್ಕೆ ಇಂದೂ ಇರಬೇಕು ಎಂದು ನಾನು ಹೇಳುತ್ತಿಲ್ಲ. ರಾಜರು ಆನೆಗಳನ್ನೂ ಕಾದಾಡಿಸುತ್ತಿದ್ದರು, ನಮಗದು ಬೇಡ. ಒಲ್ಲೆ ಎನ್ನಲು ಬೇರೆ ಕಾರಣ ಹುಡುಕಿಕೊಳ್ಳಿ, ಚರಿತ್ರೆಯನ್ನು ಸಾಕ್ಷಿಗೆ ಕರೆಯಬೇಡಿ, ಅದು ಎದುರು ಪಕ್ಷಕ್ಕೆ ಸಾಕ್ಷಿ ಹೇಳುತ್ತದೆ ಎಂದಷ್ಟೇ ನನ್ನ ಸಲಹೆ.

ಬಿಸಿಲು ಮತ್ತು ಖಾರದ ಆಕ್ಷೇಪ ಇನ್ನೂ ಸ್ವಾರಸ್ಯವಾದದ್ದು. ಬಳ್ಳಾರಿಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ; ಇಲ್ಲಿ ತಣ್ಣನೆಯ ದೇಶದ ಪಾನೀಯ ನಡೆಯುತ್ತದೆಯೇ ಎಂದು ಕೇಳುತ್ತಾರೆ. ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕುಡಿಯಬೇಕೆಂದು ಯುರೋಪಿನ ಪುಸ್ತಕಗಳು ಹೇಳುವುದು ನಿಜ. ಆ ಕೋಣೆಯಲ್ಲಿ 17-18 ಡಿಗ್ರಿ ಇರುತ್ತದೆ. ಕೌಲ್‌ಬಜಾರಿನ ಕೋಣೆಯಲ್ಲಿ ಮೇ ತಿಂಗಳಲ್ಲಿ ಆ ನಿಯಮವನ್ನು ನಿಷ್ಠೆಯಿಂದ ಪಾಲಿಸಿದರೆ ನೆಗಡಿಗೆ ಕುಡಿಯುವ ಕಷಾಯ ಸಿಗುತ್ತದೆ. ಪುಸ್ತಕ ಮುಚ್ಚಿಟ್ಟು ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟರೆ ಸಮಸ್ಯೆ ಅಲ್ಲಿಗೆ ಮುಗಿಯಿತು. ಬಳ್ಳಿಗಂತೂ ಈ ಬಿಸಿಲಿನ ಮೇಲೆ ದೂರಿಲ್ಲ. ವಿಜಯಪುರದ ಒಣ ನೆಲದಲ್ಲಿ ದ್ರಾಕ್ಷಿ ತುಂಬಿದೆ, ಹಂಪಿಯ ಕಲ್ಲುಬೆಟ್ಟಗಳ ಸೀಮೆಯಲ್ಲೇ ಕ್ರಸ್ಮಾ ಎಂಬ ತೋಟ ಕ್ಯಾಬರ್ನೇ ಸಾವಿನ್ಯೋನ್ ಬೆಳೆದು ಬಾಟಲಿ ತುಂಬಿಸುತ್ತಿದೆ. ಇನ್ನು ಖಾರ. ಒಗ್ಗರಣೆ ಮಂಡಕ್ಕಿಯ ಜೊತೆ ಎಣ್ಣೆ ಸೋರುವ ಮಿರ್ಚಿ ಕಚ್ಚಿದ ಬಾಯಿಗೆ ಒಗರು ಕೆಂಪು ವೈನ್ ಬಿದ್ದರೆ ಉರಿಯ ಮೇಲೆ ಉಪ್ಪು ಸವರಿದಂತೆ ಎಂಬುದು ದಿಟ. ಆಲ್ಕೋಹಾಲ್ ಹೆಚ್ಚಿದಷ್ಟೂ ಮೆಣಸಿನ ಉರಿ ಹೆಚ್ಚುತ್ತದೆ. ಆದರೆ ಅದೇ ಮಿರ್ಚಿಯ ಜೊತೆ 42.8ರ ವಿಸ್ಕಿ ಕುಡಿಯುವಾಗ ಈ ಆಕ್ಷೇಪ ಎತ್ತಿದವರನ್ನು ಯಾರೂ ಕಂಡಿಲ್ಲ. 13ಕ್ಕೆ ಉರಿಯುವ ನಾಲಿಗೆ 42.8ಕ್ಕೆ ತಣ್ಣಗಿರುತ್ತದೆ ಎಂದರೆ, ಉರಿದದ್ದು ನಾಲಿಗೆಯಲ್ಲ.

ಇಷ್ಟು ಹೇಳಿದ ಮೇಲೆ ವೈನ್ ಪಕ್ಷದವರನ್ನೂ ಸುಮ್ಮನೆ ಬಿಡುವ ಹಾಗಿಲ್ಲ. ಗ್ಲಾಸನ್ನು ಕಾಂಡದಲ್ಲಿ ಹಿಡಿದು ಗಿರಗಿರ ತಿರುಗಿಸಿ, ಮೂಗು ಅದ್ದಿ, ‘ಬ್ಲ್ಯಾಕ್‌ಕರಂಟ್, ಸೀಡರ್ ಮರ, ಹಳೆಯ ಚರ್ಮ’ ಎಂದು ಕಣ್ಣು ಮುಚ್ಚುವವರು ನಾಲಿಗೆಯನ್ನು ಕೇಳಿದ್ದಾರೆಯೇ? ಬ್ಲ್ಯಾಕ್‌ಕರಂಟನ್ನು ಜನ್ಮದಲ್ಲಿ ಕಂಡಿರದ ಮೂಗಿಗೆ ಅದರ ವಾಸನೆ ಹೊಳೆಯುವುದು ಪವಾಡವೇ ಸರಿ. ನೇರಳೆ, ಹುಣಸೆ, ಒಣ ಅಂಜೂರ, ಮೊದಲ ಮಳೆಗೆ ನೆಂದ ಎರೆಮಣ್ಣು, ಜೀನ್ಸ್ ಕಾರ್ಖಾನೆಯ ಬಣ್ಣದ ತೊಟ್ಟಿ ಎಂದು ಬಳ್ಳಾರಿಯ ಮೂಗು ತನ್ನದೇ ಪಟ್ಟಿ ಓದಿದರೆ ಅದು ಹೆಚ್ಚು ಪ್ರಾಮಾಣಿಕ. 2001ರಲ್ಲಿ ಪ್ರಕಟವಾದ ಬೋರ್ಡೋದ ಒಂದು ಪ್ರಯೋಗದಲ್ಲಿ ಬಿಳಿ ವೈನಿಗೆ ರುಚಿಯಿಲ್ಲದ ಕೆಂಪು ಬಣ್ಣ ಹಾಕಿ ವೈನ್‌ ಶಾಸ್ತ್ರ ಓದುತ್ತಿದ್ದ 54 ಜನರ ಮುಂದೆ ಇಟ್ಟರು. ಅವರು ಅದನ್ನು ಕೆಂಪು ವೈನಿನ ಮಾತುಗಳಲ್ಲೇ ಬಣ್ಣಿಸಿದರು. 2008ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಒಂದೇ ವೈನನ್ನು ಒಮ್ಮೆ 10 ಡಾಲರಿನದು, ಇನ್ನೊಮ್ಮೆ 90 ಡಾಲರಿನದು ಎಂದು ಹೇಳಿ ಕೊಟ್ಟರು. 90ರದ್ದೇ ಹೆಚ್ಚು ರುಚಿಸಿತು. 1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಹೆಸರು ಮುಚ್ಚಿ ಪರೀಕ್ಷೆ ಮಾಡಿದಾಗ ಫ್ರೆಂಚ್ ತೀರ್ಪುಗಾರರೇ ಕ್ಯಾಲಿಫೋರ್ನಿಯಾದ ವೈನುಗಳಿಗೆ ಮೊದಲ ಸ್ಥಾನ ಕೊಟ್ಟರು. ಲೇಬಲ್ಲು ಕಾಣದಿದ್ದಾಗ ಮಾತ್ರ ನಾಲಿಗೆಗೆ ಮಾತಾಡಲು ಅವಕಾಶ ಸಿಕ್ಕಿತು ಎಂದಾಯಿತು. ಒಬ್ಬ ಕಿಕ್ಕಿನ ಗುಲಾಮ, ಇನ್ನೊಬ್ಬ ಲೇಬಲ್ಲಿನ ಗುಲಾಮ. ಇಬ್ಬರ ನಾಲಿಗೆಗೂ ಬಾಯಲ್ಲಿ ಬಾಡಿಗೆದಾರನ ಸ್ಥಾನ.

ಕೊನೆಯ ಆಕ್ಷೇಪವೇ ಎಲ್ಲಕ್ಕಿಂತ ಭಾರವಾದದ್ದು: ರುಚಿಯ ಹೆಸರಿನಲ್ಲಿ ಕುಡಿತಕ್ಕೆ ಮಡಿ ಉಡಿಸುತ್ತಿದ್ದೀರಾ ಎಂಬುದು. 2019ರ ಜನವರಿಯಲ್ಲಿ ಮದ್ಯ ಬೇಡವೆಂದು ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದರಲ್ಲ, ಅವರ ಮುಂದೆ ನಿಂತು ದ್ರಾಕ್ಷಿಯ ಪರಿಮಳದ ಮಾತಾಡುವ ಧೈರ್ಯ ನನಗಿಲ್ಲ. ವೈನ್ ಹೃದಯಕ್ಕೆ ಒಳ್ಳೆಯದೆಂಬ ನೆಪವೂ ಈಗ ನಿಲ್ಲುವುದಿಲ್ಲ. ಆಲ್ಕೋಹಾಲಿನ ಯಾವ ಪ್ರಮಾಣವೂ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿಯೇ ಹೇಳಿತು. ಹೃದಯದ ಹೆಸರು ಹೇಳಿ ಕುಡಿಯುವವರು ಇದುವರೆಗೆ ಅದೇ ಹೃದಯಕ್ಕಾಗಿ ಬೆಳಿಗ್ಗೆ ಎದ್ದು ಕೋಟೆ ಗುಡ್ಡ ಹತ್ತಿದ್ದೂ ಅಪರೂಪ. ವೈನ್ ಜನರನ್ನು ಸಭ್ಯರನ್ನಾಗಿ ಮಾಡುತ್ತದೆ ಎಂದೂ ನಾನು ವಾದಿಸಲಾರೆ. ಅದೇ ಫ್ರಾನ್ಸಿನಲ್ಲಿ ಶಾಲೆಯ ಊಟದಲ್ಲಿ 14 ವರ್ಷದೊಳಗಿನ ಮಕ್ಕಳಿಗೆ ವೈನ್ ಕೊಡಬಾರದೆಂದು 1956ರಲ್ಲಿ ಆಜ್ಞೆ ಹೊರಡಿಸಬೇಕಾಗಿ ಬಂತು! ಆದರೆ ಆ ಹೆಂಗಸರ ದೂರು ರುಚಿಯ ಮೇಲಲ್ಲ, ಕೂಲಿಯ ದುಡ್ಡು ಸಂಜೆಯೊಳಗೆ ಕರಗುವುದರ ಮೇಲೆ. ಅದನ್ನು ಕರಗಿಸುವುದು ನಾಲಿಗೆ ಅಲ್ಲ. ನಾಲಿಗೆಗೆ ಬೇಗ ಸಾಕಾಗುತ್ತದೆ. ಹೋಳಿಗೆಯೇ ಆದರೂ ನಾಲ್ಕನೆಯದಕ್ಕೆ ಅದು ಕೈ ಅಡ್ಡ ಹಿಡಿಯುತ್ತದೆ. ‘ಇನ್ನೊಂದು ಹಾಕು’ ಎಂದು ಕೂಗುವುದು ತಲೆ, ಆ ತಲೆಗೆ ಸಾಕೆಂಬುದೇ ಗೊತ್ತಿಲ್ಲ. ನಾಲಿಗೆಯನ್ನು ಕೇಳಿದರೆ ಕುಡಿತ ನಿಂತೇ ಹೋಗುತ್ತದೆಂದು ಹೇಳಲಾರೆ, ಕೇಳದೆ ಕುಡಿದಾಗ ನಿಲ್ಲಿಸುವವರು ಯಾರೂ ಇರುವುದಿಲ್ಲ ಎಂದು ಮಾತ್ರ ಹೇಳಬಲ್ಲೆ.

ನನ್ನ ಅಭಿರುಚಿಯನ್ನೇ ಕೇಳಿದರೆ ಅದು ಪಂಡಿತರು ಮೆಚ್ಚುವಂಥದ್ದಲ್ಲ. ಒಗರು ಕೆಂಪಿಗಿಂತ ತುಸು ಸಿಹಿಯಾದ ಬಿಳಿಯದು ಇಷ್ಟ, ಅದೂ ಗ್ಲಾಸಿನ ಹೊರಗೆ ಬೆವರೊಡೆಯುವಷ್ಟು ತಣ್ಣಗೆ, ಅದೂ ಅರ್ಧವೇ. ಬೇಕೆನಿಸಿದರೆ ಅದರಲ್ಲಿ ಐಸ್ ಹಾಕುವ ಹಕ್ಕನ್ನೂ ನಾನು ಬಿಟ್ಟುಕೊಡುವುದಿಲ್ಲ, ಬೋರ್ಡೋದವರು ಬಂದು ಏಪ್ರಿಲ್‌ನಲ್ಲಿ ಒಂದು ವಾರ ಇಲ್ಲಿ ಇದ್ದು ಆಮೇಲೆ ಬೈಯಲಿ. ಒಂದು ತೊಟ್ಟೂ ಮುಟ್ಟದೆ ‘ನನಗೆ ಹಿಡಿಸುವುದಿಲ್ಲ’ ಎನ್ನುವವನೂ ನನ್ನ ಪಕ್ಷದವನೇ, ಆ ಮಾತು ಅವನ ನಾಲಿಗೆಯಿಂದ ಬಂದಿದ್ದರೆ ಸಾಕು, ಧರ್ಮ, ಡಾಕ್ಟರು, ಬೀಗರನ್ನು ಅವನು ಸಾಕ್ಷಿಗೆ ಕರೆಯಬೇಕಾಗಿಲ್ಲ. ರುಚಿ ಎಂದರೆ ಒಲ್ಲೆ ಎನ್ನುವ ಅಧಿಕಾರ. ಸಿರುಗುಪ್ಪದ ಗಿರಾಕಿ ಕಾಳು ಕಚ್ಚಿ ‘ಬೇಡ’ ಎಂದು ಎದ್ದು ಹೋಗಬಲ್ಲ, ಅದಕ್ಕೇ ಅಲ್ಲಿ ಒಳ್ಳೆಯ ಅಕ್ಕಿ ಸಿಗುತ್ತದೆ. ಬಾರಿನಲ್ಲಿ ಆ ಮಾತನ್ನು ಯಾರೂ ಆಡುವುದಿಲ್ಲ, ಕೊಟ್ಟದ್ದನ್ನೆಲ್ಲ ಕುಡಿಯುತ್ತಾರೆ, ಅದಕ್ಕೇ ಕೊಟ್ಟದ್ದನ್ನೆಲ್ಲ ಮಾರುತ್ತಾರೆ. ‘ಏರಲಿಲ್ಲ’ ಎಂದು ಜಗಳ ತೆಗೆಯುವ ಗಿರಾಕಿಗಳ ನಡುವೆ ಒಬ್ಬನಾದರೂ ‘ರುಚಿಯಿಲ್ಲ’ ಎಂದು ಗ್ಲಾಸನ್ನು ಅರ್ಧಕ್ಕೇ ಇಟ್ಟು, ಬಿಲ್ಲು ಕೊಟ್ಟು ಎದ್ದುಬರಲಿ. ಮಾಲೀಕನಿಗೆ ಅವನು ಅರ್ಥವಾಗುವುದಿಲ್ಲ, ಆದರೆ ಮೇಲಿನ ಹಲಗೆಯ ಬಾಟಲಿಯನ್ನು ಕೆಳಗಿಳಿಸಿ ಫ್ರಿಜ್ಜಿನಲ್ಲಿಡುವ ಯೋಚನೆ ಅವನಿಗೆ ಬರುವುದಿದ್ದರೆ ಆ ದಿನವೇ ಬರಬೇಕು.