ಹೆಚ್ಚುವರಿ ನೀರಿನ ಒಡೆಯರ ಮನವಿ

ಬೇಡ್ತಿ–ವರದಾ ನದಿ ಜೋಡಣೆಯ ವರದಿ ಬರೆದ ಮಹನೀಯರಿಗೆ,

ನಮ್ಮ ಹೊಳೆಯಲ್ಲಿ ನೀರು ಹೆಚ್ಚಾಗಿದೆ ಎಂದು ತಮ್ಮಿಂದ ತಿಳಿದು ಶಿರಸಿ, ಯಲ್ಲಾಪುರದ ಕಡೆ ಪರಮಾನಂದವಾಗಿದೆ. ನಮಗದು ಗೊತ್ತೇ ಇರಲಿಲ್ಲ. ಮಾರ್ಚ್ ಕಳೆದರೆ ನಮ್ಮನೆ ಅಬ್ಬಿ ನೀರು ನೂಲಿನಷ್ಟು ಸಣ್ಣಗಾಗುತ್ತದೆ. ಬಚ್ಚಲ ಹಂಡೆ ತುಂಬುವಷ್ಟರಲ್ಲಿ ಎರಡು ಸಲ ಕವಳ ಹಾಕಿ ಉಗಿದಾಗಿರುತ್ತದೆ. ಹೆಚ್ಚಾದದ್ದು ಎಲ್ಲಿದೆಯೋ ತೋರಿಸಿ, ಹಂಡೆ ಹೊತ್ತು ಅಲ್ಲಿಗೇ ಬರುತ್ತೇವೆ.

ಬೇಡ್ತಿಯಿಂದ ವರದೆಗೆ ಒಯ್ಯುವುದು 524 ದಶಲಕ್ಷ ಘನಮೀಟರ್, ಅಂದರೆ 18.5 ಟಿಎಂಸಿಯಂತೆ. ಒಂದು ಸಣ್ಣ ಅನುಮಾನ. ಆಷಾಢದಲ್ಲಿ ಬೇಡ್ತಿ ಉಕ್ಕುವಾಗ ವರದೆಯೇನು ಮಲಗಿರುತ್ತಾಳೆಯೇ? ಅವಳ ದಂಡೆಯ ಬನವಾಸಿಯ ಗದ್ದೆಗಳನ್ನು ಕೇಳಿ, ಮುಳುಗಿ ಗೊತ್ತಿದೆ ಅವಕ್ಕೆ. ಉಂಡೆದ್ದವಳ ಬಾಳೆಗೆ ಮತ್ತೆ ಹೋಳಿಗೆ ಬಡಿಸುವ ಔದಾರ್ಯ ತಮ್ಮದು.

ಅಣೆಕಟ್ಟು ಕಟ್ಟಿ ಹಿಡಿದಿಡುತ್ತೇವೆ ಎನ್ನುತ್ತೀರಿ. ಅದೂ ನಮಗೆ ಹೊಸತಲ್ಲ. ಹಿಂದೆ ಇದೇ ಬೇಡ್ತಿಯಿಂದ 210 ಮೆಗಾವಾಟ್ ವಿದ್ಯುತ್ ತೆಗೆಯುತ್ತೇವೆಂದು ಬಂದಿದ್ದರು. 1981ರ ಜನವರಿಯಲ್ಲಿ ಶಿರಸಿಯ ತೋಟಿಗರು ವಿಜ್ಞಾನಿಗಳನ್ನು ಕೂರಿಸಿಕೊಂಡು ಲಾಭ-ನಷ್ಟದ ಲೆಕ್ಕ ಕೇಳಿದರು. ಯೋಜನೆ ಮೂಲೆ ಸೇರಿತು. ಅಂದು ಕರೆಂಟು ಕೊಡಬೇಕಾಗಿದ್ದ ಹೊಳೆ, ಇಂದು ತನ್ನನ್ನು ಎತ್ತಲು ಪಂಪಿಗೆ ಕರೆಂಟು ಕೇಳುತ್ತಿದೆ. ನಲವತ್ತು ವರ್ಷದಲ್ಲಿ ಇಷ್ಟು ಸೋಮಾರಿಯಾಯಿತೇ?

ಸಿದ್ದಾಪುರದ ನೆಂಟರಿಗೆ ಬೇಸರವಾಗದಂತೆ ಅಘನಾಶಿನಿ ಹೊಳೆಯನ್ನೂ ವೇದಾವತಿ ನದಿಗೆ ಒಯ್ಯುವ ಪ್ರಸ್ತಾವ ಬಂತು. ಪಕ್ಕದ ಮನೆ ಬಿಟ್ಟು ಒಂದೇ ಮನೆಗೆ ಕರೆಯೋಲೆ ಕೊಡುವುದು ಸಭ್ಯತೆಯಲ್ಲ, ನಿಜ.

ಇನ್ನು ಸಮುದ್ರಕ್ಕೆ ಹೋಗಿ ‘ವ್ಯರ್ಥವಾಗುವ’ ನೀರು. ನಮ್ಮ ಬೇಡ್ತಿ ಕೆಳಗಿಳಿದು ಗಂಗಾವಳಿಯಾಗಿ ಅಂಕೋಲೆಯ ಕಡೆ ಸಮುದ್ರ ಸೇರುತ್ತದೆ. ಸಮುದ್ರರಾಜ ಮರ್ಯಾದಸ್ಥ, ಹೊಳೆ ಬಾರದಿದ್ದರೆ ತಾನೇ ಉಪ್ಪು ಹೊತ್ತು ದಂಡೆಯ ಬಾವಿಗಳವರೆಗೆ ವಿಚಾರಿಸಲು ಬರುತ್ತಾನೆ.

ನೀರೊಯ್ಯಲು ಗುಡ್ಡ ಕೊರೆಯುವ ಯಂತ್ರ ತರುವ ಮೊದಲು ಯಲ್ಲಾಪುರದ ಕಳಚೆಗೊಮ್ಮೆ ಹೋಗಿ ಬನ್ನಿ. 2021ರ ಜುಲೈಯಲ್ಲಿ ಅಲ್ಲಿ ಗುಡ್ಡವೇ ತೋಟಗಳನ್ನು ಹೊತ್ತುಕೊಂಡು ಜಾರಿತು.

ನೀರು ಅಳೆಯಲು ಮಾತ್ರ ಜುಲೈಯಲ್ಲಿ ಬರಬೇಡಿ, ಏಪ್ರಿಲ್‌ನಲ್ಲಿ ಬನ್ನಿ. ಕುಡಿಯಲು ಮಜ್ಜಿಗೆ ಕೊಡುತ್ತೇವೆ; ಸ್ನಾನ ಊರಲ್ಲೇ ಮುಗಿಸಿಕೊಂಡು ಬನ್ನಿ.

ಇಂತಿ,
ಒಬ್ಬ ಹೆಚ್ಚುವರಿ ಪ್ರಜೆ