ಹುಣಸೆಹಣ್ಣಿಲ್ಲದ ಊರಿನ ಕಿಲುಬು

ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರೊಬ್ಬರು ಮೊಮ್ಮಗಳ ಕೋಣೆಗೆ ಹೋದದ್ದು, ಅವಳನ್ನು ಕಂಪ್ಯೂಟರ್ ಆಟದಿಂದ ಊಟಕ್ಕೆ ಎಬ್ಬಿಸಲು. ಪರದೆಯ ಮೇಲೊಂದು ಹಸಿರು ಚಾವಣಿ ಕಣ್ಣಿಗೆ ಬಿತ್ತು.

"ಏನೇ ಅದು, ಪಾಚಿಯಾ?"

"ಅಲ್ಲ ತಾತ, ತಾಮ್ರ. ಕಿಲುಬು ಹಿಡಿದಿದೆ."

ಮೇಷ್ಟ್ರು ಕುರ್ಚಿ ಎಳೆದುಕೊಂಡರು.

ಆಟ ಮೈನ್‌ಕ್ರಾಫ್ಟ್. ಅದರೊಳಗೆ ತಾಮ್ರ ಬಂದದ್ದು 2021ರಲ್ಲಿ. ಕಟ್ಟಿದಾಗ ಬೆಳಗಿದ ತಂಬಿಗೆಯಂತೆ ಹೊಳೆಯುವ ಅದು ಹಂತ ಹಂತವಾಗಿ ಮಂಕಾಗಿ, ನಾಲ್ಕನೆಯ ಹಂತಕ್ಕೆ ನೀಲಿಹಸಿರಾಗುತ್ತದೆ. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯೂ 1886ರಲ್ಲಿ ತಾಮ್ರಗೆಂಪಾಗಿದ್ದವಳು, ಕೆಲವೇ ದಶಕಗಳಲ್ಲಿ ಹಸಿರಾದಳು. ಆಟದಲ್ಲಿ ಜೇನುಮೇಣ ಸವರಿದರೆ ಬಣ್ಣ ಕೆಡುವುದಿಲ್ಲ. ಗಾಳಿ, ತೇವ ಎರಡನ್ನೂ ಮೇಣ ತಡೆಯುವುದು ನಿಜವೇ. ಮೇಷ್ಟ್ರು ಪೂರ್ತಿ ಅಂಕ ಕೊಟ್ಟರು. ಹಿಡಿದ ಕಿಲುಬನ್ನು ಮಾತ್ರ ಅಲ್ಲಿನವರು ಕೊಡಲಿಯಿಂದ ಕೆರೆದು ತೆಗೆಯುತ್ತಾರೆ.

"ಯಾಕೆ, ಆ ಊರಲ್ಲಿ ಹುಣಸೆಹಣ್ಣು ಸಿಗಲ್ವಂತಾ?" ಅಡುಗೆಮನೆಯಿಂದ ಅಜ್ಜಿಯ ದನಿ. ಹುಣಸೆಯ ಟಾರ್ಟಾರಿಕ್ ಆಮ್ಲ ಕಿಲುಬನ್ನಷ್ಟೇ ಕರಗಿಸಿ ಪಾತ್ರೆಯನ್ನು ಉಳಿಸುತ್ತದೆ. ಕೊಡಲಿಗೆ ಆ ವಿವೇಕವಿಲ್ಲ.

ಸಿಡಿಲು ಬಡಿದರೂ ಕಿಲುಬು ಹೋಗಿ ಅಲ್ಲಿನ ತಾಮ್ರ ಥಳಥಳ ಎನ್ನುತ್ತದೆಂದು ತಿಳಿದಾಗ ಮೇಷ್ಟ್ರು ಅರ್ಧ ಅಂಕ ಕಳೆದರು. ಮಳೆ ಬಂದರೂ ಕಿಲುಬಿನ ವೇಗ ಬದಲಾಗುವುದಿಲ್ಲ ಎಂದಾಗ ಇನ್ನರ್ಧ. ಆಟಗಾರ ತೀರಾ ದೂರ ಹೋದರೆ ಕಿಲುಬು ಹಿಡಿಯುವುದೇ ನಿಂತುಬಿಡುತ್ತದೆ, ಸಾಹೇಬರು ಎದುರಿಗಿದ್ದರಷ್ಟೇ ಫೈಲು ತೆಗೆಯುವ ಗುಮಾಸ್ತರ ಹಾಗೆ. ಇನ್ನು ಕಬ್ಬಿಣವನ್ನು ಸಮುದ್ರದ ತಳದಲ್ಲಿಟ್ಟರೂ ತುಕ್ಕಿಲ್ಲ! ತಾಮ್ರದ ಪಕ್ಕದಲ್ಲಿಟ್ಟರೂ ಇಲ್ಲ. ನಿಜಲೋಕದಲ್ಲಿ ಈ ಎರಡು ಲೋಹ ತೇವದಲ್ಲಿ ಮೈ ತಾಗಿಸಿಕೊಂಡರೆ ಸವೆಯುವುದು ಕಬ್ಬಿಣ. ಸ್ವಾತಂತ್ರ್ಯ ದೇವಿಯ ತಾಮ್ರದ ಸೀರೆಯೊಳಗಿನ ಕಬ್ಬಿಣದ ಪಟ್ಟಿಗಳು ಹೀಗೇ ತುಕ್ಕು ತಿಂದು ಉಬ್ಬಿ, 1980ರ ದಶಕದ ದುರಸ್ತಿಯಲ್ಲಿ ಅವುಗಳ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಬಂತು.

ತಾತನ ಮುಖ ನೋಡಿ ಮೊಮ್ಮಗಳು ಬೇರೆ ಆಟ ತೆರೆದಳು. 2019ರ 'ಆಕ್ಸಿಜನ್ ನಾಟ್ ಇನ್‌ಕ್ಲೂಡೆಡ್'. ಕ್ಷುದ್ರಗ್ರಹವೊಂದರ ಹೊಟ್ಟೆಯೊಳಗೆ ಸಿಕ್ಕಿಕೊಂಡವರು ಉಸಿರಿಗೆ ದಾರಿ ಹುಡುಕಬೇಕು. ಅಲ್ಲೊಂದು ಯಂತ್ರ: ಸೆಕೆಂಡಿಗೆ 750 ಗ್ರಾಂ ತುಕ್ಕು, 250 ಗ್ರಾಂ ಉಪ್ಪು ತಿಂದು 570 ಗ್ರಾಂ ಆಮ್ಲಜನಕ, 400 ಗ್ರಾಂ ಕಬ್ಬಿಣದ ಅದಿರು, 30 ಗ್ರಾಂ ಕ್ಲೋರಿನ್ ಕೊಡುತ್ತದೆ.

ಕೂಡಿ ನೋಡಿದರು. ಒಳಗೆ ಹೋದದ್ದು ಒಂದು ಕಿಲೋ, ಹೊರಗೆ ಬಂದದ್ದೂ ಒಂದು ಕಿಲೋ. ತಕ್ಕಡಿ ನೆಟ್ಟಗಿದೆ, ಮಾಲು ಮಾತ್ರ ಬೇರೆ! ತುಕ್ಕಿನ ಮುಖ್ಯ ಸರಕಾದ ಐರನ್ ಆಕ್ಸೈಡಿನ ತೂಕದಲ್ಲಿ ಆಮ್ಲಜನಕ ಹೆಚ್ಚುಕಡಿಮೆ ಶೇಕಡಾ 30. 750 ಗ್ರಾಮಿಗೆ 225 ಗ್ರಾಂ ಸಿಕ್ಕರೆ ಹೆಚ್ಚು. ಅದೂ ಸುಮ್ಮನೆ ಬಿಟ್ಟುಕೊಡುವ ಜಾತಿಯಲ್ಲ. ಊದುಕುಲುಮೆಯಲ್ಲಿ ಇಂಗಾಲ ಅದನ್ನು ಕಿತ್ತುಕೊಂಡು ಬರುವುದು ಇಂಗಾಲದ ಡೈಆಕ್ಸೈಡಾಗಿ, ಉಸಿರಾಡಿದವನ ಗತಿ ಮುಗಿಯಿತು. ಉಪ್ಪಂತೂ ತುಕ್ಕಿನ ವೈರಿಯಲ್ಲ, ಆಪ್ತಮಿತ್ರ. ಮಂಗಳೂರಿನ ಕಡಲಂಚಿನ ಮನೆಗಳ ಕಿಟಕಿ ಸರಳುಗಳನ್ನು ಕೇಳಿದರೆ ಗೊತ್ತಾದೀತು.

"ಉಪ್ಪಿನಲ್ಲಿದ್ದ ಸೋಡಿಯಂ ಎಲ್ಲಿ ಹೋಯಿತೇ?"

"ಅಯ್ಯೋ ತಾತ, ಇದು ಆಟ."

"ಆಟವಾದರೇನು, ಸಮೀಕರಣ ಸರಿದೂಗಬೇಡ್ವಾ?"

ಮೊಮ್ಮಗಳು ಉಂಡು ಕೈ ತೊಳೆದು ಮಲಗಿದಳು. ರಾತ್ರಿ ಹನ್ನೊಂದಕ್ಕೆ ಅಜ್ಜಿ ಬಂದು ನೋಡಿದರೆ, ಮೇಷ್ಟ್ರು ಕ್ಷುದ್ರಗ್ರಹದ ಮೂಲೆ ಮೂಲೆ ಅಗೆಯುತ್ತ ಸೋಡಿಯಂ ಹುಡುಕುತ್ತಿದ್ದರು.