‘ಫುಸ್’ ಡಾಕ್ಟರ್ ಜೊತೆ ಮಾತುಕತೆ

ಕಲಬುರಗಿ ನಗರದ ಒಂದು ಫುಟ್‌ಬಾಲ್ ಕ್ಲಬ್ಬು ಕಮಲಾಪುರಕ್ಕೆ ಪಂದ್ಯ ಆಡಲು ಹೋಗಿತ್ತು. ಹೆಸರು ಬರೆಯಬೇಡಿ ಎಂದು ಅವರೇ ಕೈಮುಗಿದಿದ್ದಾರೆ. ಸಂಘಟಕರಿಗೆ ಕೊಡುವ ಪಟ್ಟಿಯಲ್ಲಿ ‘ವೈದ್ಯಕೀಯ ಸಿಬ್ಬಂದಿ’ ಎಂಬ ಕಾಲಂ ಇತ್ತು. ಮ್ಯಾನೇಜರು ಅಲ್ಲಿಗೆ ಬಂದಾಗ ಪೆನ್ನು ಕಚ್ಚಿ ಒಂದು ಗಳಿಗೆ ಯೋಚಿಸಿ, ‘ಸ್ಪ್ರೇ – 1’ ಎಂದು ಬರೆದರು. ಯಾರೂ ತಕರಾರು ಮಾಡಲಿಲ್ಲ. ಎದುರಾಳಿ ತಂಡದ ಪಟ್ಟಿಯಲ್ಲಿ ಅಷ್ಟೂ ಇರಲಿಲ್ಲ.

ಪಂದ್ಯ ಮುಗಿದ ಮೇಲೆ ಆ ಸಿಬ್ಬಂದಿ ಕಮಲಾಪುರ ಬಸ್ ನಿಲ್ದಾಣದಲ್ಲಿ, ಕಿಟ್ ಬ್ಯಾಗಿನ ಮೇಲೆ ಅಡ್ಡಡ್ಡ ಮಲಗಿದ್ದರು. ಪಕ್ಕದಲ್ಲಿ ನಾಲ್ಕು ಕೆಂಪು ಬಾಳೆಹಣ್ಣು, ತೊಳೆಯದೆ ಸುತ್ತಿಟ್ಟ ಒಂದು ಕ್ರೇಪ್ ಬ್ಯಾಂಡೇಜು, ಬೂಟು ಬಿಚ್ಚಿ ಬಲಗಾಲನ್ನು ಬೆಂಚಿನ ಮೇಲೆ ಚಾಚಿದ ಸ್ಟ್ರೈಕರ್. ಕಲಬುರಗಿ ಬಸ್ಸು ಬರುವವರೆಗೆ ಮಾತಾಡಲು ಒಪ್ಪಿದರು.

ನಮಸ್ಕಾರ. ತಮ್ಮನ್ನು ಡಾಕ್ಟರ್ ಅನ್ನಬಹುದೇ?

ಅನ್ರಿ, ಎಲ್ಲಾರೂ ಅಂತಾರ. 2025ರ ಸೆಪ್ಟೆಂಬರದಾಗ ದಿಲ್ಲಿಯಿಂದ ಒಂದು ಪತ್ರ ಬಂದಿತ್ತು, ಫಿಸಿಯೊಥೆರಪಿಸ್ಟರು ಹೆಸರಿನ ಮುಂದ ‘ಡಾ.’ ಹಾಕ್ಕೋಬಾರ್ದು ಅಂತ. ಮರುದಿನನೇ ಅದನ್ನ ವಾಪಸ್ ತಗೊಂಡ್ರು. ವರ್ಷಗಟ್ಲೆ ಓದಿದೋರ ಗತಿ ಹಿಂಗ. ನನ್ನ ಬಗ್ಗೆ ಮಾತ್ರ ಇವತ್ತಿನ ತನಕ ಯಾವ ಪತ್ರನೂ ಬಂದಿಲ್ಲ.

ವಿದ್ಯಾರ್ಹತೆ?

ಹೊಟ್ಟಿ ಮ್ಯಾಲ ಬರದದ, ಓದ್ಕೋರಿ. ಡೈಕ್ಲೊಫೆನಾಕ್, ಮೀಥೈಲ್ ಸ್ಯಾಲಿಸಿಲೇಟ್, ಮೆಂಥಾಲ್. ಅದರ ಕೆಳಗ ಸಣ್ಣಕ್ಷರದಾಗ ಇನ್ನ ಮೂರು ಮಾತು ಅವ: ತೆರೆದ ಗಾಯದ ಮ್ಯಾಲ ಹೊಡೀಬ್ಯಾಡ್ರಿ, ಕಣ್ಣಿಗಿ ತಾಕಿಸಬ್ಯಾಡ್ರಿ, 50 ಡಿಗ್ರಿಗಿಂತ ಹೆಚ್ಚಿನ ಬಿಸಿಗಿ ಇಡಬ್ಯಾಡ್ರಿ. ನಮ್ಮ ಕ್ಲಬ್ಬಿನವರು ಮೂರೂ ಮಾಡ್ತಾರ. ಮೇ ತಿಂಗಳದಾಗ ನನ್ನ ಬೈಕಿನ ಡಿಕ್ಕಿಯೊಳಗ ಹಾಕಿ ಸೂಪರ್ ಮಾರ್ಕೆಟಿನಾಗ ಬಿಸಿಲಿಗಿ ನಿಂದ್ರಿಸಿ ಛಾ ಕುಡೀಲಿಕ್ಕ ಹೋಗ್ತಾರ. ಸಿಡೀಲಿಕ್ಕ ತಯಾರಿರೋ ಡಾಕ್ಟರ್ ಬ್ಯಾರೆ ಯಾವ ಊರಾಗರೆ ಅದಾನೇನ್ರಿ?

ಇವತ್ತಿನ ಪಂದ್ಯದಲ್ಲಿ ತಮ್ಮ ಸೇವೆ ಹೇಗಿತ್ತು?

ಮಸ್ತ್ ಇತ್ರಿ. ಸೆಕೆಂಡ್ ಹಾಫಿನಾಗ ಈ ತಮ್ಮನ ಕಾಲು ಒಳಗ ಮಡಚಿ ಉಳುಕ್ತು. ಹೊರಗಿನ ಗಿಣ್ಣಿನ ಮುಂದ ನೋಡನೋಡದ್ರಾಗ ಬಾವು ಬಂತು. ನನ್ನ ಕೈಯಾಗ ಹಿಡ್ಕೊಂಡು ಓಡಿ ಬಂದವ ಮೂರನೇ ಬದಲಿ ಆಟಗಾರ. ಅವ ಬಿ.ಕಾಂ. ಎರಡನೇ ವರ್ಷ. ಹೆಂಗೂ ಆಡಸೋದಿಲ್ಲಲ್ಲ, ಇದರೆ ಮಾಡಲಿ ಅಂತ ಕೋಚ್ ಅವನಿಗಿ ಮೆಡಿಕಲ್ ಖಾತೆ ಕೊಟ್ಟಾರ. ಅವಸರದಾಗ ಕಾಲ್ಚೀಲದ ಮ್ಯಾಲಿಂದನೇ ಫುಸ್ ಅಂತ ಹೊಡೆದ. ಕಾಲ್ಚೀಲ ಪೂರ್ತಿ ಗುಣ ಆಗ್ಯಾದ.

ಮೂಳೆ ಮುರಿದಿದೆಯೋ ಇಲ್ಲವೋ ಎಂದು ಯಾರಾದರೂ ನೋಡಿದರೇ?

ನೋಡಿದ್ರಲ್ಲ! ಎಲ್ಲಾರೂ ಸುತ್ತ ನಿಂತು ನೋಡಿದ್ರು. ಒಬ್ಬವ ಬೆರಳು ಅಲ್ಲಾಡಸು ಅಂದ. ಬೆರಳು ಅಲ್ಲಾಡಿದವು. ‘ಬೆರಳು ಅಲ್ಲಾಡ್ಲತ್ತಾವ ಅಂದ್ರ ಎಲುಬು ಮುರದಿಲ್ಲ’ ಅಂತ ತೀರ್ಪು ಬಂತು.

ಬೆರಳು ಅಲ್ಲಾಡಿದರೂ ಮೂಳೆ ಮುರಿದಿರಬಹುದಲ್ಲವೇ?

ಮುರಿದಿರಬಹುದ್ರಿ. ಕೆನಡಾದ ಒಟ್ಟಾವಾದಾಗ ತುರ್ತು ವಿಭಾಗದ ಡಾಕ್ಟರು 1992ರಾಗ ಒಂದು ನಿಯಮ ಮಾಡ್ಯಾರ, ಮಷೀನೂ ಬ್ಯಾಡ, ಕರೆಂಟೂ ಬ್ಯಾಡ. ಎರಡೂ ಕಡೀ ಗಿಣ್ಣಿನ ತುದಿಯಿಂದ ಮ್ಯಾಲ ಆರು ಸೆಂಟಿಮೀಟರ್ ತನಕ, ಎಲುಬಿನ ಹಿಂದಿನ ಅಂಚು ಬೆರಳಲೇ ಒತ್ತಬೇಕು. ಪಾದದ ಹೊರಗಿನ ಅಂಚಿಗಿ ಉಬ್ಬಿದ ಎಲುಬು ಒಂದು, ಒಳಗಿನ ಅಂಚಿಗಿ ಒಂದು, ಅವನ್ನೂ ಒತ್ತಬೇಕು. ಎಲುಬಿನ ಮ್ಯಾಲೆ ನೋವದೇನು? ಬಿದ್ದ ಕೂಡಲೇನೂ ಆಮ್ಯಾಲೂ ನಾಲ್ಕು ಹೆಜ್ಜಿ ಇಡಲಿಕ್ಕ ಆಗಲಿಲ್ಲೇನು? ಇದರಾಗ ಒಂದಕ್ಕ ಹೌದು ಅಂದ್ರೂ ಎಕ್ಸ್‌ರೇ ತೆಗಸಬೇಕು. ನನ್ನ ಮುಚ್ಚಳ ತೆಗೆಯೋದಕ್ಕಿಂತ ಸಸ್ತಾ ಕೆಲಸ. ಆದ್ರ ಬೆರಳಿಗಿ ಫುಸ್ ಅನ್ನೋ ಸಪ್ಪಳ ಬರೋದಿಲ್ಲ ನೋಡ್ರಿ, ಪ್ರೇಕ್ಷಕರಿಗಿ ಚಿಕಿತ್ಸೆ ನಡೆದದ ಅಂತ ಗೊತ್ತಾಗೋದು ಹೆಂಗ?

(ಇಲ್ಲಿ ಸ್ಟ್ರೈಕರ್ ತನ್ನ ಗಿಣ್ಣನ್ನು ತಾನೇ ಮೆಲ್ಲಗೆ ಒತ್ತಿಕೊಂಡು ನೋಡಿದ್ದನ್ನು ದಾಖಲಿಸಬೇಕು. ಮುಖ ಕಿವುಚಿದ. ಯಾವ ಜಾಗದಲ್ಲಿ ಎಂದು ಕೇಳಿದರೆ ‘ಎಲ್ಲಾ ಕಡಿ’ ಎಂದ.)

ಆಮೇಲೆ ಅವರನ್ನು ಹೊರಗೆ ಕೂಡಿಸಿದರೇ?

ಯಾಕ ಕೂಡಸ್ತಾರ? ಕೋಚ್ ಬಂದು ‘ಆಡ್ತಿಯೇನಪಾ?’ ಅಂದ್ರು. ಇವ ‘ಆಡ್ತೀನಿ ಸರ್’ ಅಂದ. ಆ ಮಾತು ಅವಂದಲ್ಲ, ನಂದು. ನನ್ನೊಳಗಿನ ಮೆಂಥಾಲ್ ಅದಲ್ಲ, ಅದು ತಂಪು ಮಾಡೋದಿಲ್ಲ. ತಂಪು ತಿಳಿಯೋ ನರಕ್ಕ ಹೋಗಿ ‘ತಂಪಾಗ್ಯಾದ’ ಅಂತ ಸುಳ್ಳು ವರದಿ ಕೊಡ್ತದ. ಗ್ಯಾಸ್ ಹಾರೋವಾಗ ಒಂದೀಟು ಖರೇ ತಂಪೂ ಆಗ್ತದ, ಅದು ಭಾಳೊತ್ತು ಇರೋದಿಲ್ಲ. ಇವೆರಡನ್ನ ನಂಬಿ ಹರಿದ ಕಟ್ಟುನರ ಮತ್ತ ಓಡ್ತದ. ಇನ್ನ ಇಪ್ಪತ್ತು ನಿಮಿಷ ಓಡಿದ. ಈಗ ಬೂಟು ಕಾಲಿಗಿ ಹಿಡೀವಲ್ತು.

ಐಸ್ ಹಚ್ಚಲಿಲ್ಲವೇ?

ಕಬ್ಬಿನ ಹಾಲಿನ ಗಾಡಿಯವನ ಹತ್ರ ಕೇಳಿದ್ರು. ಗೋಣಿಚೀಲದಾಗಿಂದ ಒಂದು ಗಡ್ಡಿ ಒಡೆದು ಕೊಟ್ಟ, ಪುಣ್ಯಾತ್ಮ. ಅರ್ಧ ಕಾಲಿಗಿ ಹೋಯ್ತು, ಅರ್ಧ ನೀರಿನ ಕೊಡಕ್ಕ ಹೋಯ್ತು. ಐಸಿನ ಕಥಿನೂ ಈಗ ಮೊದಲಿನಂಗ ಉಳದಿಲ್ರಿ. ವಿಶ್ರಾಂತಿ, ಐಸು, ಬಿಗಿಪಟ್ಟಿ, ಕಾಲು ಎತ್ತರದ ಮ್ಯಾಲ ಅನ್ನೋ ಸೂತ್ರ 1978ರಾಗ ಕೊಟ್ಟವರು ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್. 2014ರಾಗ ಅವರೇ, ಐಸಿನಿಂದ ನೋವು ಕಡಿಮಿ ಆದ್ರೂ ಗಾಯ ಮಾಯೋದು ತಡ ಆಗಬಹುದು ಅಂದ್ರು. ಮೂವತ್ತಾರು ವರ್ಷಕ್ಕರೆ ಮಾತು ತಿದ್ದಕೊಂಡ್ರಲ್ಲ, ದೊಡ್ಡ ಮನುಷ್ಯ. ನಮ್ಮ ಮೈದಾನದಾಗ ಉಳುಕಿದ ಕಾಲಿಗಿ ಅದೇ ಹೊತ್ತಿಗಿ ಎಣ್ಣಿ ಹಚ್ಚಿ ನೀವಬ್ಯಾಡ್ರಿ ಅಂತ ಹೇಳೋರೇ ಇನ್ನ ಹುಟ್ಟಿಲ್ಲ.

ತಮ್ಮ ವಂಶದ ಬಗ್ಗೆ ಹೇಳಿ.

ನಮ್ಮ ಮುತ್ಯಾ ಸ್ಪಂಜು. ಇಂಗ್ಲೆಂಡದಾಗ ಬಕೀಟಿನೊಳಗ ಕೂತು ದೇಶಾನ ಆಳಿದವ. ಆಟಗಾರ ಬಿದ್ದ ಅಂದ್ರ ಟ್ರೇನರ್ ಬಕೀಟ್ ಹಿಡ್ಕೊಂಡು ಓಡಿ, ತಣ್ಣೀರಿನ ಸ್ಪಂಜು ಮುಖಕ್ಕ, ಕುತ್ತಿಗಿಗಿ ಹಿಂಡ್ತಿದ್ದ. 1956ರ ಎಫ್‌.ಎ. ಕಪ್ ಫೈನಲ್‌ದಾಗ ಮ್ಯಾಂಚೆಸ್ಟರ್ ಸಿಟಿ ಗೋಲ್‌ಕೀಪರ್ ಬರ್ಟ್ ಟ್ರೌಟ್‌ಮನ್ ಎದುರಾಳಿ ಕಾಲಿಗಿ ಬಿದ್ದು ಕುತ್ತಿಗಿ ಎಲುಬು ಮುರ್ಕೊಂಡ. ಹಂಗೇ ಎಬ್ಬಿಸಿ ನಿಂದ್ರಿಸಿದ್ರು, ಹಂಗೇ ಗೋಲು ಕಾಯ್ದ, ಸಿಟಿ 3–1 ಗೆದ್ದಿತು. ಎಲುಬು ಮುರದದ ಅಂತ ಎಕ್ಸ್‌ರೇದಾಗ ಗೊತ್ತಾಗಿದ್ದು ಕೆಲವು ದಿನದ ಮ್ಯಾಲ. ಅವ ಉಳದಿದ್ದು ಅವನ ನಸೀಬ. ಹೆಸರು ಬಂದಿದ್ದು ನಮ್ಮ ಮನಿತನಕ್ಕ.

ದೊಡ್ಡ ಕ್ಲಬ್ಬುಗಳಲ್ಲಿ ಈಗ ನುರಿತ ವೈದ್ಯರಿದ್ದಾರೆ. ನಮ್ಮಲ್ಲೂ ಐಎಸ್‌ಎಲ್ ಮಟ್ಟದ ಕ್ಲಬ್ಬಿಗೆ ಲೈಸೆನ್ಸ್ ಸಿಗಬೇಕಾದರೆ ವೈದ್ಯ, ಫಿಸಿಯೊ ಇರಲೇಬೇಕು. ತಮ್ಮ ಕೆಲಸಕ್ಕೆ ಕುತ್ತಲ್ಲವೇ?

ನನಗೇನ್ ಕುತ್ತು? ಕುತ್ತು ಅವರಿಗೇ. 2015ರ ಆಗಸ್ಟ್ 8ರಂದು ಚೆಲ್ಸಿ–ಸ್ವಾನ್ಸಿ ಪಂದ್ಯ. ಚೆಲ್ಸಿ ಆಟಗಾರ ಹಜಾರ್ ನೆಲಕ್ಕ ಬಿದ್ದ. ರೆಫ್ರೀನೇ ಕೈ ಮಾಡಿ ಕರೆದ ಮ್ಯಾಲ ಕ್ಲಬ್ಬಿನ ವೈದ್ಯೆ ಡಾ. ಇವಾ ಕಾರ್ನೇರೊ ಒಳಗ ಓಡಿದ್ರು. ಡಾಕ್ಟರ್ ಒಳಗ ಬಂದ್ರ ಆಟಗಾರ ಒಂದೀಟು ಹೊರಗ ಹೋಗಬೇಕು ಅಂತ ನಿಯಮ. ಚೆಲ್ಸಿಗಿ ಮೊದಲೇ ಒಂದು ರೆಡ್ ಕಾರ್ಡ್ ಆಗಿತ್ತು, ಹತ್ತು ಮಂದಿ ಹೋಗಿ ಒಂಬತ್ತು ಆದ್ರು. ಮ್ಯಾನೇಜರ್ ಮೊರಿನ್ಹೊಗ ಎಲ್ಲಿಲ್ಲದ ಸಿಟ್ಟು, ಇವರಿಗಿ ಆಟ ತಿಳಿಯೋದಿಲ್ಲ ಅಂತ ಎಲ್ಲರ ಮುಂದ ಅಂದ. ಡಾಕ್ಟರ್ ಕ್ಲಬ್ ಬಿಟ್ರು, ಕೇಸ್ ಹಾಕಿದ್ರು. 2016ರ ಜೂನ್‌ದಾಗ ಕ್ಲಬ್ ಕ್ಷಮಾ ಕೇಳಿ ರಾಜಿ ಮಾಡ್ಕೊಂಡ್ತು. ಅಲ್ರಿ, ಬಿದ್ದವನ ಹತ್ರ ಹೋದ್ದೇ ತಪ್ಪು ಅಂದ್ರ ಡಾಕ್ಟರ್ ಮತ್ತೇನ್ ಮಾಡಬೇಕು, ಸ್ಕೋರ್‌ಬೋರ್ಡ್ ನೋಡಿ ನಾಡಿ ಹಿಡೀಬೇಕೇನು? ನಾನು ಅಂಥಾ ತಪ್ಪು ಮಾಡೋದಿಲ್ಲ. ಕರೆದಾಗ ಬರ್ತೀನಿ, ಫುಸ್ ಅಂತೀನಿ, ‘ಬ್ಯಾಡ’ ಅನ್ನೋ ಮಾತು ನನ್ನ ಹೊಟ್ಟಿಯೊಳಗ ತುಂಬೇ ಇಲ್ಲ. ಅದಕ್ಕೇ ನನ್ನ ಮ್ಯಾಲ ಎಲ್ಲಾ ಕೋಚಿಗೂ ಪ್ರೀತಿ.

ಆದರೂ ಅಭಿಮಾನಿಗಳು ಸೋತಾಗಲೆಲ್ಲ ‘ನಮ್ಮ ಕ್ಲಬ್ಬಿನ ಮೆಡಿಕಲ್ ಸ್ಟಾಫ್ ದಂಡ’ ಎನ್ನುತ್ತಾರೆ. ಗುಣವಾದವನು ಎರಡು ವಾರದಲ್ಲಿ ಮತ್ತೆ ಗಾಯಗೊಳ್ಳುತ್ತಾನೆ.

ಅಂತಾರ್ರಿ. ಯುರೋಪಿನ ದೊಡ್ಡ ಕ್ಲಬ್ಬುಗಳ ಗಾಯದ ಲೆಕ್ಕ 2001ರಿಂದ ಇಟ್ಟಾರ. ತೊಡಿ ಹಿಂದಿನ ಸ್ನಾಯು, ಹ್ಯಾಮ್‌ಸ್ಟ್ರಿಂಗ್, ಅದರ ಪಾಲು ಮೊದಲ ಸೀಸನ್‌ದಾಗ ನೂರಕ್ಕ 12 ಇದ್ದದ್ದು 2021–22ಕ್ಕ 24 ಆಗ್ಯಾದ. ಅಷ್ಟೊತ್ತಿಗಿ ಡಾಕ್ಟರು ಕಮ್ಮಿ ಆಗಿದ್ರೇನು? ಹೆಚ್ಚಾಗಿದ್ರು, ಸ್ಕ್ಯಾನಿಂಗೂ ಹೆಚ್ಚಾಗಿತ್ತು. ಪಂದ್ಯನೂ ಹೆಚ್ಚು, ಓಟದ ವೇಗನೂ ಹೆಚ್ಚು. ಅದೇ ಲೆಕ್ಕದವರು ಇನ್ನೊಂದು ಕಂಡುಹಿಡಿದಾರ: ಯಾವ ಕ್ಲಬ್ಬಿನಾಗ ವೈದ್ಯರಿಗೂ ಹೆಡ್ ಕೋಚಿಗೂ ಮಾತುಕತೆ ಸರಿ ಇಲ್ಲ, ಅಲ್ಲಿ ಗಾಯದ ಹೊರಿ ಜಾಸ್ತಿ ಅಂತ. ಡಾಕ್ಟರ್ ‘ಇನ್ನ ಮೂರು ವಾರ’ ಅಂತಾನ, ಕೋಚ್ ‘ರವಿವಾರ ಪಂದ್ಯ ಅದ’ ಅಂತಾನ. ರವಿವಾರ ಗೆಲ್ತದ. ಸೋಮವಾರ ಹುಡುಗ ಕುಂಟ್ತಾನ. ಮಂಗಳವಾರ ಡಾಕ್ಟರ್ ದಂಡ ಆಗ್ತಾನ.

ಪಕ್ಕದ ಕೆಂಪು ಬಾಳೆಯವರೂ ವೈದ್ಯಕೀಯ ಸಿಬ್ಬಂದಿಯೇ?

ಅವರು ಕಮಲಾಪುರದ ಸ್ಥಾನಿಕರು, ಜಿಐ ಟ್ಯಾಗ್ ಇದ್ದವರು, ನಮ್ಮಂಥೋರ ಜೊತಿ ಮಾತಾಡೋದಿಲ್ಲ. ಮೀನಖಂಡ ಹಿಡಕೊಂಡ್ರ ಬಾಳಿಹಣ್ಣು ತಿನಸ್ರಿ ಅಂತ ಯಾರೋ ಹೇಳ್ಯಾರ. ಪೊಟ್ಯಾಸಿಯಂ ಅದ, ಖರೆ. ಅದು ಹೊಟ್ಟಿಗಿಳಿದು ರಕ್ತಕ್ಕ ಸೇರೋದ್ರಾಗ ರೆಫ್ರೀ ಸೀಟಿ ಊದಿ ಮನಿಗಿ ಹೋಗಿರ್ತಾನ. ಹಿಡದಿದ್ದು ಬಿಡಸಲಿಕ್ಕ ಆ ಸ್ನಾಯು ಮೆಲ್ಲಗ ಎಳೆದು ಹಿಡದ್ರ ಸಾಕು. ಅಂದಂಗ ಹಣ್ಣಿನ ರೇಟ್ ಕೇಳಿದ ಮ್ಯಾಲ ಮೀನಖಂಡ ಹಿಡದವರಿಗಿ ಕೊಡೋದು ಬಿಟ್ಟಾರ. ಮ್ಯಾನೇಜರ್ ಸಾಹೇಬ್ರೇ ತಿಂತಾರ.

ಒಂದು ಗಂಭೀರ ಪ್ರಶ್ನೆ. ತಾವು ಎಂದಾದರೂ ಸೋತಿದ್ದೀರಾ?

(ಡಬ್ಬಿ ಸ್ವಲ್ಪ ಹೊತ್ತು ಸುಮ್ಮನಿತ್ತು.) ನಮ್ಮ ಜಾತಿಯವರು ಬೆಂಗಳೂರಾಗ ಸೋತಾರ. 2004ರ ಡಿಸೆಂಬರ್ 5, ಕಂಠೀರವ ಕ್ರೀಡಾಂಗಣ, ಫೆಡರೇಷನ್ ಕಪ್ ಫೈನಲ್. ಗೋವಾದ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಮೋಹನ್ ಬಾಗಾನ್ ಮ್ಯಾಲ ಎರಡನೇ ಗೋಲು ಹೊಡೆದ, ಗೋಲ್‌ಕೀಪರಿಗಿ ಡಿಕ್ಕಿಯಾಗಿ ಬಿದ್ದ, ಏಳಲಿಲ್ಲ. ಪಂದ್ಯ ಗೆದ್ರು, ಹುಡುಗ ಹೋದ. ದೇಶ ತುಂಬಾ ಗದ್ದಲ ಆಯ್ತು, ಮೈದಾನದಾಗ ಅದಿರಬೇಕಿತ್ತು, ಇದಿರಬೇಕಿತ್ತು ಅಂತ. ಏಳು ವರ್ಷ ದಾಟಿತು. 2012ರ ಮಾರ್ಚ್, ಅದೇ ಬೆಂಗಳೂರು, ಜಿಲ್ಲಾ ಲೀಗ್ ಪಂದ್ಯ. ಬೆಂಗಳೂರು ಮಾರ್ಸ್ ತಂಡದ ಡಿ. ವೆಂಕಟೇಶ್ ಬದಲಿ ಆಟಗಾರನಾಗಿ ಇಳಿದಿದ್ದ, ಕುಸಿದು ಬಿದ್ದ. ಆಂಬುಲೆನ್ಸ್ ಇರಲಿಲ್ಲ. ಆಟೊದಾಗ ಹಾಕ್ಕೊಂಡು ಹೋದ್ರು. ಅದೇ ವಾರ ಲಂಡನ್‌ದಾಗ ಫ್ಯಾಬ್ರಿಸ್ ಮುವಾಂಬ ಅನ್ನೋ ಆಟಗಾರ ಪಂದ್ಯದ ನಡುವೇ ಹಂಗೇ ಬಿದ್ದಿದ್ದ. ಅವನ ಹೃದಯ ತಾನಾಗಿ ಬಡೀಲಿಕ್ಕ 78 ನಿಮಿಷ ಬೇಕಾತು. ಮೈದಾನದಾಗಿದ್ದ ವೈದ್ಯರು ಎದಿ ಒತ್ತೋದು ಬಿಡಲಿಲ್ಲ, ಶಾಕ್ ಕೊಡೋದು ಬಿಡಲಿಲ್ಲ, ಆಟ ನೋಡಲಿಕ್ಕ ಬಂದಿದ್ದ ಹೃದಯತಜ್ಞ ಒಬ್ಬ ಗ್ಯಾಲರಿಯಿಂದ ಇಳಿದು ಬಂದ. ಮುವಾಂಬ ಬದುಕಿದ.

ಆಟೊ ಓಡಿಸಿದವಂದು ತಪ್ಪೇನಿಲ್ರಿ. ಇದ್ದವರೊಳಗ ಅವನೇ ಲಗೂ ಬಂದಿದ್ದು.

ಕಲಬುರಗಿಯಲ್ಲಿ ಹೃದ್ರೋಗಕ್ಕೆ ಜಯದೇವ ಆಸ್ಪತ್ರೆಯೇ ಇದೆಯಲ್ಲ.

ಅದ್ರಿ, 2024ರ ಡಿಸೆಂಬರದಾಗ 371 ಹಾಸಿಗಿದು ಹೊಸ ಕಟ್ಟಡ ಆಗ್ಯಾದ, ಚೊಲೊ ಆಸ್ಪತ್ರಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನಾ ಬಂದದ, ಮಂದಿ ಸೇರೋ ಜಾಗದಾಗ ಶಾಕ್ ಕೊಡೋ ಎಇಡಿ ಮಷೀನ್ ಇಡೋ ಮಾತೂ ಅದರಾಗ ಇತ್ತು. 108 ಆಂಬುಲೆನ್ಸೂ ಅದ. ಆದ್ರ ಹೃದಯ ನಿಂತ ಮ್ಯಾಲ ಶಾಕ್ ಕೊಡೋದು ಒಂದೊಂದು ನಿಮಿಷ ತಡ ಆದ್ರೂ ಬದುಕೋ ಅವಕಾಶ ನೂರಕ್ಕ ಏಳರಿಂದ ಹತ್ತು ಇಳೀತದ. ಕಮಲಾಪುರದ ಮೈದಾನದಿಂದ ಜಯದೇವದ ಗೇಟಿಗಿ ಎಷ್ಟ್ ಹೊತ್ತು ಅಂತ ನೀವು ಬಸ್ಸಿನಾಗ ಕೂತು ಎಣಿಸ್ಕೋರಿ. ಅಲ್ಲೀತನಕ ಯಾರರೆ ಎದಿ ನಡುವಿನ ಎಲುಬಿನ ಮ್ಯಾಲ ಅಂಗೈ ಇಟ್ಟು, ನಿಮಿಷಕ್ಕ ನೂರರಿಂದ ನೂರಾ ಇಪ್ಪತ್ತು ಸಲ, ಐದು ಸೆಂಟಿಮೀಟರಿಗಿ ಕಮ್ಮಿ ಇಲ್ದಂಗ ಒತ್ತಬೇಕು. ನಮ್ಮ ಬಿ.ಕಾಂ. ಹುಡುಗಗ ಒಂದು ಮಧ್ಯಾಹ್ನ ಕಲಿಸಿದ್ರ ಕಲೀತಾನ. ಕಲಿಸ್ರಿ ಅಂತ ಕಮಿಟಿ ಮೀಟಿಂಗಿನಾಗ ಯಾರೋ ಎತ್ತಿದ್ರಂತ. ಆ ಮೀಟಿಂಗಿನಾಗ ಹೊಸ ಜರ್ಸಿ ಬಣ್ಣದ ಚರ್ಚಾ ಭಾಳ ಲಂಬ ಆಯ್ತು, ಹೊತ್ತು ಸಾಲಲಿಲ್ಲ.

ಹಾಗಾದರೆ ಅಂಥ ಹೊತ್ತಿನಲ್ಲಿ ತಮ್ಮ ಪಾತ್ರ?

ನನ್ನ ಮುಚ್ಚಳ ತೆಗೀಬ್ಯಾಡ್ರಿ, ಅಷ್ಟೇ. ಆದ್ರ ತೆಗೀತಾರ. ಎಚ್ಚರ ತಪ್ಪಿದವನ ಎದಿಗಿ ನನ್ನ ಹೊಡದವರನ್ನ ನಾನು ನೋಡೀನಿ.

ಬಸ್ಸು ಬಂತು. ಕೊನೆಯದಾಗಿ, ತಮ್ಮನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಬಹುದೇ? ಅರೆ, ತಳದಲ್ಲಿರುವ ಅವಧಿ ಮುಗಿದು ಎರಡು ವರ್ಷವಾಗಿದೆಯಲ್ಲ!

ಹೌದ್ರಿ. ಅದಕ್ಕೇ ಕ್ಲಬ್ಬಿನವರು ಪಟ್ಟಿಯೊಳಗ ನನ್ನ ಹೆಸರಿನ ಮುಂದ ‘ಸೀನಿಯರ್’ ಅಂತ ಸೇರಸಬೇಕಂತ ಮಾಡ್ಯಾರ.